ಬಲ್ಲ ವಿಷಯ, ಬಾರದ ಭಾಷೆ

ಹತ್ತು ವರ್ಷ ಇಂಗ್ಲಿಷ್ ಓದಿ ಪರೀಕ್ಷೆಗಳಲ್ಲಿ ತೇರ್ಗಡೆಯಾದವನು, ಪರಸ್ಥಳದವನೊಬ್ಬನು ಎದುರಿಗೆ ನಿಂತು ಎರಡು ಮಾತು ಕೇಳಿದೊಡನೆ ತಡವರಿಸುವುದನ್ನು ನಾವು ಎಷ್ಟೋ ಸಲ ಕಂಡಿದ್ದೇವೆ. ನಮ್ಮಲ್ಲಿ ಹಲವರು ಅದನ್ನು ಅನುಭವಿಸಿಯೂ ಇದ್ದೇವೆ. ಬೆಂಗಳೂರಿನ ಪೂರ್ವ ಭಾಗದ ಮಹದೇವಪುರದಂಥ ಸ್ಥಳದಲ್ಲಿ ಈ ತಡವರಿಕೆಗೆ ತೆರಬೇಕಾದ ಬೆಲೆ ದೊಡ್ಡದು. ಒಂದು ಕಾಲಕ್ಕೆ ಹಳ್ಳಿಯಾಗಿದ್ದು, ಬಳಿಕ ಕಾರ್ಖಾನೆಗಳ ನೆಲೆಯಾಗಿ, 2007ರಲ್ಲಿ ಮಹಾನಗರದ ಆಡಳಿತದೊಳಗೆ ಸೇರಿದ ಈ ಪ್ರದೇಶದ ಸುತ್ತಮುತ್ತ ಈಗ ಗಣಕ ಉದ್ಯಮದ ಕಚೇರಿಗಳು ಕಿಕ್ಕಿರಿದಿವೆ. ಬೀದಿಯಲ್ಲಿ ಕನ್ನಡ, ತೆಲುಗು, ತಮಿಳು, ಹಿಂದಿಗಳು ಬೆರೆತು ವ್ಯವಹಾರ ಹೇಗೋ ಸಾಗಿಬಿಡುತ್ತದೆ. ಸಂದರ್ಶನದ ಕೊಠಡಿಯಲ್ಲಿ ಹಾಗಲ್ಲ. ಕನ್ನಡ ಮಾಧ್ಯಮದಲ್ಲಿ ಕಲಿತು, ತನ್ನ ಕಸಬನ್ನು ಚೆನ್ನಾಗಿಯೇ ಬಲ್ಲ ತರುಣನೊಬ್ಬನು ಬಾಯಿ ಕಟ್ಟಿದಂತಾಗಿ ಅಲ್ಲಿಂದ ಹಿಂದಿರುಗಿದರೆ, ಅವನು ಕಳೆದುಕೊಂಡುದು ಅಂಕಗಳನ್ನಲ್ಲ, ಜೀವನೋಪಾಯವನ್ನು.

ಮಹದೇವಪುರದ ಉತ್ತರಕ್ಕೆ ಕೃಷ್ಣರಾಜಪುರ. ಅಲ್ಲಿಂದ ಪೂರ್ವಕ್ಕೆ ಸಾಗುವ ಹಳೆಯ ಮದರಾಸು ರಸ್ತೆಯನ್ನು ಹಿಡಿದು ಹೊಸಕೋಟೆಯನ್ನು ದಾಟಿದರೆ ಕೋಲಾರ ಜಿಲ್ಲೆಯ ನರಸಾಪುರ ಸಿಕ್ಕುತ್ತದೆ. ಅದರ ಬಳಿಯ ಬೆಳ್ಳೂರು ಎಂಬ ಗ್ರಾಮದಲ್ಲಿ 1918ರ ಡಿಸೆಂಬರ್ 14ರಂದು, ವಿಷಮಶೀತ ಜ್ವರದ ಮಹಾಪಿಡುಗಿನ ದಿನಗಳಲ್ಲಿ, ಒಂದು ದುರ್ಬಲ ಶಿಶು ಹುಟ್ಟಿತು. ಆತನೇ ಮುಂದೆ ಬಿ. ಕೆ. ಎಸ್. ಅಯ್ಯಂಗಾರರೆಂದು ಲೋಕಪ್ರಸಿದ್ಧರಾದ ಯೋಗಾಚಾರ್ಯರು. ಬಾಲ್ಯವು ಬೆಂಗಳೂರಿನಲ್ಲಿ ಬಡತನ, ಕಾಯಿಲೆಗಳ ನಡುವೆ ಕಳೆಯಿತು. 1934ರಲ್ಲಿ ಮೈಸೂರಿಗೆ ಹೋಗಿ ಭಾವನವರಾದ ತಿರುಮಲೆ ಕೃಷ್ಣಮಾಚಾರ್ಯರ ಬಳಿ ಯೋಗವನ್ನು ಅಭ್ಯಸಿಸಿದರು. ಮೆಟ್ರಿಕ್ ಪರೀಕ್ಷೆಯಲ್ಲಿ ಅವರನ್ನು ಸೋಲಿಸಿದ ವಿಷಯ ಯಾವುದೆಂದು ವಾಚಕರು ಊಹಿಸಬಲ್ಲರು: ಇಂಗ್ಲಿಷ್! 1937ರಲ್ಲಿ ಅವರು ಪುಣೆಗೆ ಹೊರಟಾಗ ಮರಾಠಿ ಬಾರದು, ಇಂಗ್ಲಿಷೋ ಅಲ್ಪಸ್ವಲ್ಪ. ಪಾಠ ಹೇಳಿಸಿಕೊಳ್ಳಲು ಬಂದವರಲ್ಲಿ ಹಲವರು ಗುರುವಿಗಿಂತ ಹೆಚ್ಚು ಓದಿದವರು. ಆದರೂ 1966ರಲ್ಲಿ ಲಂಡನ್ನಿನಿಂದ ಪ್ರಕಟವಾಗಿ ಜಗತ್ತಿನ ಹಲವು ಭಾಷೆಗಳಿಗೆ ಹೋದ ‘ಲೈಟ್ ಆನ್ ಯೋಗ’ ಗ್ರಂಥವನ್ನು ಅವರು ಬರೆದದ್ದು ಇಂಗ್ಲಿಷಿನಲ್ಲೇ. ಶಿಷ್ಯರಾದ ತಾರಾಪೋರ್‌ವಾಲಾ ಅವರ ನೆರವು ಇತ್ತೆಂಬುದು ನಿಜ. ಆದರೆ ನಡುವಣ 29 ವರ್ಷಗಳಲ್ಲಿ, ಒಬ್ಬರ ಮೊಣಕಾಲನ್ನೂ ಮತ್ತೊಬ್ಬರ ಬೆನ್ನನ್ನೂ ತಿದ್ದುತ್ತ ಆಡಿದ ಮಾತೇ ಅವರಿಗೆ ದೊಡ್ಡ ಪಾಠಶಾಲೆಯಾಗಿತ್ತೆಂದು ನಾವು ಭಾವಿಸುತ್ತೇವೆ.

ಪರೀಕ್ಷೆಯಲ್ಲಿ ಒಲಿಯದ ಭಾಷೆ ಕಸಬಿನ ಮಾತಿನಲ್ಲಿ ಒಲಿಯುವುದೇಕೆ?

ನಮ್ಮ ಮನಸ್ಸಿನಲ್ಲಿ, ಆ ಕ್ಷಣಕ್ಕೆ ಬೇಕಾದ ಸಂಗತಿಗಳನ್ನು ಹಿಡಿದಿಟ್ಟುಕೊಳ್ಳುವ ಒಂದು ಚಿಕ್ಕ ಜಗಲಿಯಿದೆ ಎನ್ನೋಣ. ಮನಶ್ಶಾಸ್ತ್ರಜ್ಞರು ಇದನ್ನು ಕಾರ್ಯಸ್ಮೃತಿ ಎನ್ನುತ್ತಾರೆ. ಅದರಲ್ಲಿ ಸುಮಾರು ಏಳು ಅಂಶಗಳಿಗೆ ಎಡೆಯುಂಟೆಂದು ಅಮೆರಿಕದ ಜಾರ್ಜ್ ಮಿಲ್ಲರ್ 1956ರಲ್ಲಿ ಸೂಚಿಸಿದರು. 2001ರಲ್ಲಿ ನೆಲ್ಸನ್ ಕೋವನ್ ಅದನ್ನು ನಾಲ್ಕಕ್ಕೆ ಇಳಿಸಿದರು. ಅಪರಿಚಿತ ವಿಷಯವನ್ನು ಅಪರಿಚಿತ ಭಾಷೆಯಲ್ಲಿ ಹೇಳಹೊರಟವನು ಏನು ಹೇಳಬೇಕು, ಯಾವ ಪದ, ಯಾವ ಕಾಲ, ಹೇಗೆ ಉಚ್ಚರಿಸಬೇಕು ಎಂಬುದೆಲ್ಲವನ್ನೂ ಈ ಇಕ್ಕಟ್ಟಾದ ಜಗಲಿಯ ಮೇಲೆ ಕೂರಿಸಬೇಕು. ಒಂದು ಕುಳಿತರೆ ಇನ್ನೊಂದು ಉರುಳುತ್ತದೆ. ಇಪ್ಪತ್ತು ವರ್ಷ ಸೂರ್ಯನಮಸ್ಕಾರ ಮಾಡಿದವನಿಗಾದರೋ ಏನು ಹೇಳಬೇಕೆಂಬ ಚಿಂತೆಯೇ ಇಲ್ಲ. ಅದು ಮೈಯಲ್ಲೇ ಇದೆ. ಜಗಲಿ ಪೂರ್ತಿ ಭಾಷೆಗೆ ತೆರವಾಗುತ್ತದೆ.

ಬಲ್ಲ ವಿಷಯದ ಬಲವೆಷ್ಟೆಂಬುದಕ್ಕೆ ಒಂದು ಪ್ರಯೋಗವನ್ನು ನೋಡಿರಿ. 1988ರಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ ಎಂಬವರು ಅಮೆರಿಕದ 64 ಮಂದಿ ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಆಟವೊಂದರ ವರ್ಣನೆಯನ್ನು ಓದಲು ಕೊಟ್ಟು, ಓದಿದುದನ್ನು ಆಟದ ಮೈದಾನದ ಮಾದರಿಯ ಮೇಲೆ ಬೊಂಬೆಗಳನ್ನಿಟ್ಟು ತೋರಿಸುವಂತೆ ಹೇಳಿದರು. ಓದುವುದರಲ್ಲಿ ಹಿಂದುಳಿದಿದ್ದರೂ ಆಟವನ್ನು ಬಲ್ಲ ಹುಡುಗರು, ಓದುವುದರಲ್ಲಿ ಜಾಣರಾಗಿದ್ದು ಆಟವನ್ನರಿಯದ ಹುಡುಗರನ್ನು ಮೀರಿಸಿದರು. ಇದು ಪರಭಾಷೆಯನ್ನು ಕುರಿತ ಪ್ರಯೋಗವಲ್ಲವೆಂಬುದನ್ನು ಮರೆಯಲಾಗದು; ಆದರೂ ನಮ್ಮ ಕ್ರಿಕೆಟ್ ಪ್ರೇಮಿಗಳು ಇಂಗ್ಲಿಷ್ ವೀಕ್ಷಕ ವಿವರಣೆಯನ್ನು ಸಲೀಸಾಗಿ ಅನುಸರಿಸಿ, ಬ್ಯಾಂಕಿನ ಪತ್ರವನ್ನು ಮಾತ್ರ ಪಕ್ಕದ ಮನೆಗೆ ಒಯ್ಯುವುದೇಕೆಂಬುದು ಇದರಿಂದ ಹೊಳೆಯುತ್ತದೆ.

ಯೋಗಕ್ಕೆ ಮತ್ತೊಂದು ವಿಶೇಷ ಅನುಕೂಲವಿದೆ. 1960ರ ದಶಕದಲ್ಲಿ ಕ್ಯಾಲಿಫೋರ್ನಿಯದ ಜೇಮ್ಸ್ ಆಷರ್ ಎಂಬ ಮನಶ್ಶಾಸ್ತ್ರಜ್ಞರು, ರಷ್ಯನ್ ಮತ್ತು ಜಪಾನೀ ಭಾಷೆಗಳನ್ನು ಕಲಿಯುವವರಿಗೆ ಮೊದಲು ಮಾತನಾಡಿಸದೆ ಬರಿಯ ಆಜ್ಞೆಗಳನ್ನು ಕೊಟ್ಟರು: ನಿಲ್ಲು, ನಡೆ, ಕುಳಿತುಕೋ. ಕೇಳಿದಂತೆ ಮೈ ಚಲಿಸಿದಾಗ ಪದಗಳು ಅರ್ಥವಾಗುವುದೂ ನೆನಪಿನಲ್ಲಿ ಉಳಿಯುವುದೂ ಹೆಚ್ಚೆಂದು ಅವರು ಕಂಡುಕೊಂಡರು. ಯೋಗದ ತರಗತಿ ಎಂದರೆ ಇದೇ ಅಲ್ಲವೆ? ಕೈ ಎತ್ತಿರಿ, ಉಸಿರೆಳೆಯಿರಿ, ಬಲಗಡೆಗೆ ಬಾಗಿರಿ. ಅರ್ಥವಾಗಲಿಲ್ಲವೆಂದರೆ ಪಕ್ಕದವರನ್ನು ನೋಡಿದರಾಯಿತು, ಶಬ್ದಕೋಶ ಬೇಕಿಲ್ಲ.

ಆದರೆ ಆಜ್ಞೆಯನ್ನು ಪಾಲಿಸುವುದು ಸಂಭಾಷಣೆಯಲ್ಲ. ಸಂಭಾಷಣೆಗೆ ಇಬ್ಬರೂ ಬಾಯಿ ತೆರೆಯಬೇಕು. ಮಹದೇವಪುರದ ಉದ್ಯಾನವೊಂದರಲ್ಲಿ ಬೆಳಗಿನ ಹೊತ್ತು, ಹೊರರಾಜ್ಯದಿಂದ ಬಂದ ಉದ್ಯೋಗಿಯೊಬ್ಬರೂ ಊರಿನ ಹಿರಿಯರೊಬ್ಬರೂ ಆಸನಗಳ ವಿಚಾರವಾಗಿ ಇಂಗ್ಲಿಷಿನಲ್ಲಿ ಮಾತಿಗಿಳಿದರೆಂದು ಭಾವಿಸೋಣ. ಹಿರಿಯರು, ತಮಗೆ ಯೋಗದಲ್ಲಿ ಆಸಕ್ತಿಯುಂಟೆಂದು ಹೇಳಹೊರಟು ‘ಐ ಆಮ್ ಇಂಟರೆಸ್ಟಿಂಗ್’ ಎನ್ನುತ್ತಾರೆ. ಇದರ ಅರ್ಥ, ‘ನಾನು ಬಹು ಸ್ವಾರಸ್ಯವಾದ ಮನುಷ್ಯ’ ಎಂದು! (ಅದೂ ನಿಜವಿರಬಹುದು.) ಎದುರಿನವರು ನಗದೆ, ‘ಓಹೋ, ಯೂ ಆರ್ ಇಂಟರೆಸ್ಟೆಡ್ ಇನ್ ಯೋಗ?’ ಎಂದು ಕೇಳಿದರೆ ತಿದ್ದುಪಡಿ ಮುಗಿಯಿತು, ಮಾನವೂ ಉಳಿಯಿತು. ಹೀಗೆ ಮರುಕೇಳುವುದು, ಬಿಡಿಸಿ ಹೇಳುವುದು, ಸರಿಯೇ ಎಂದು ಖಚಿತಪಡಿಸಿಕೊಳ್ಳುವುದು ಇವೇ ಕಲಿಕೆಯ ಜೀವಾಳವೆಂಬ ವಾದವನ್ನು 1980ರ ದಶಕದಿಂದ ಬೆಳೆಸಿದವರು ಮೈಕೇಲ್ ಲಾಂಗ್ ಎಂಬ ಭಾಷಾವಿಜ್ಞಾನಿ.

ಕನ್ನಡಿಗರು ಎಡವುವ ಸ್ಥಳಗಳು ಈ ವಿಷಯದಲ್ಲಿ ಧಾರಾಳವಾಗಿ ಎದುರಾಗುತ್ತವೆ. ‘ನನಗೆ ಮೊಣಕಾಲು ನೋವಿದೆ’ ಎನ್ನುವಲ್ಲಿ ನಮಗೆ ಚತುರ್ಥೀ ವಿಭಕ್ತಿ. ನೋವು ನಮ್ಮ ಬಳಿಗೆ ಬರುತ್ತದೆ. ಇಂಗ್ಲಿಷಿನವನು ‘ಐ ಹ್ಯಾವ್’ ಎಂದು ನೋವನ್ನು ಆಸ್ತಿಯಂತೆ ಹೊಂದಿರುತ್ತಾನೆ. ‘ಮಲಗು’ ಎಂಬುದಕ್ಕೆ ‘ಇಸು’ ಸೇರಿಸಿದರೆ ‘ಮಲಗಿಸು’ ಎಂದಾಗುವ ನಮ್ಮ ಸುಲಭೋಪಾಯ ಆ ಭಾಷೆಯಲ್ಲಿಲ್ಲ. ತಾನೇ ಮಲಗಿದರೆ ‘ಲೈ’, ಇನ್ನೊಂದನ್ನು ಮಲಗಿಸಿದರೆ ‘ಲೇ’. ತಾನೇ ಎದ್ದರೆ ‘ರೈಸ್’, ಕೈಯನ್ನು ಎತ್ತಿದರೆ ‘ರೇಸ್’. ಉಸಿರು ‘ಬ್ರೆತ್’, ಉಸಿರಾಡು ‘ಬ್ರೀದ್’. ಇವುಗಳ ಕೊನೆಯ ಧ್ವನಿಗಳು ನಮ್ಮ ತಕಾರ ದಕಾರಗಳೂ ಅಲ್ಲ, ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿಯನ್ನು ಜಾರಬಿಡಬೇಕು. ಶಾಲೆಯಲ್ಲಿ ಇವು ಪಟ್ಟಿಗಳಾಗಿ ಬಂದು ಪಟ್ಟಿಗಳಾಗಿಯೇ ಹೋದವು. ಮೈಯನ್ನು ಎತ್ತಿ ಇಳಿಸುತ್ತ ದಿನಕ್ಕೆ ಹತ್ತು ಸಲ ಅವನ್ನು ಆಡಿದವನ ನೆನಪಿನಲ್ಲಿ ಅವು ನಿಲ್ಲುವ ಸಂಭವ ಹೆಚ್ಚು.

ಹಾಗೆಂದು, ಹರಟೆಯಿಂದಲೇ ಭಾಷೆಯೆಲ್ಲ ಬಂದುಬಿಡುತ್ತದೆಂದು ಹೇಳುವವರ ಮಾತನ್ನು ನಾವು ನಂಬಲಾರೆವು. ಕೆನಡಾದಲ್ಲಿ ಪಾಠಗಳನ್ನೆಲ್ಲ ಫ್ರೆಂಚ್ ಭಾಷೆಯಲ್ಲೇ ಕೇಳಿದ ಮಕ್ಕಳನ್ನು ಪರಿಶೀಲಿಸಿದ ಮೆರಿಲ್ ಸ್ವೇನ್ 1985ರಲ್ಲಿ ತಿಳಿಸಿದಂತೆ, ಆ ಮಕ್ಕಳು ಕೇಳಿ ತಿಳಿಯುವುದರಲ್ಲಿ ಗಟ್ಟಿಗರಾದರೂ ಅವರ ಮಾತಿನಲ್ಲಿ ವ್ಯಾಕರಣದೋಷಗಳು ಉಳಿದೇ ಇದ್ದವು. ಅರ್ಥ ತಲಪಿದರೆ ಸಾಕೆಂಬ ತೃಪ್ತಿ ಬಂದಲ್ಲಿ ತಪ್ಪುಗಳು ಕಲ್ಲಾಗಿಬಿಡುತ್ತವೆ. ಆದುದರಿಂದ ಬೆಳಗಿನ ಮಾತುಕತೆಯಲ್ಲಿ ತೊಡಕಾದ ಎರಡು ಮೂರು ವಾಕ್ಯಗಳನ್ನು ಸಂಜೆ ಬರೆದು ನೋಡುವುದು, ಮರುದಿನ ಬೇಕೆಂದೇ ಅವನ್ನು ಬಳಸುವುದು ಅವಶ್ಯ.

ವಿಷಯವೂ ಹಿಗ್ಗುತ್ತಿರಬೇಕು. ಕೃಷ್ಣಮಾಚಾರ್ಯರ ಇನ್ನೊಬ್ಬ ಶಿಷ್ಯರಾದ ಮೈಸೂರಿನ ಕೆ. ಪಟ್ಟಾಭಿ ಜೋಯಿಸರು ಪರದೇಶದ ಶಿಷ್ಯರಿಗೆ ಮಿತವಾದ ಇಂಗ್ಲಿಷಿನಲ್ಲೇ ದಶಕಗಳ ಕಾಲ ಪಾಠ ಹೇಳಿದರು. ಆಸನಕ್ಕೆ ಅಷ್ಟು ಸಾಕಾಗಿತ್ತು. ಆದರೆ 1962ರಲ್ಲಿ ಅವರು ಕನ್ನಡದಲ್ಲಿ ಪ್ರಕಟಿಸಿದ ‘ಯೋಗಮಾಲಾ’ ಇಂಗ್ಲಿಷ್ ಓದುಗರ ಕೈಗೆ ಅನುವಾದವಾಗಿ ದೊರೆತದ್ದು 1999ರಲ್ಲಿ. ನಮ್ಮ ಉದ್ಯಾನದ ಹಿರಿಯರೂ ಆಸನದಿಂದ ಊಟಕ್ಕೆ, ಊಟದಿಂದ ತಮ್ಮ ಹಳೆಯ ಕಾರ್ಖಾನೆಯ ಯಂತ್ರಗಳಿಗೆ, ಅಲ್ಲಿಂದ ಊರಿನ ಕೆರೆಯ ಕಥೆಗೆ ಮಾತನ್ನು ಒಯ್ದರೆ, ಪ್ರತಿ ತಿರುವಿನಲ್ಲೂ ಹತ್ತಾರು ಹೊಸ ಪದಗಳು ಬೇಕಾಗುತ್ತವೆ. ಸಂದರ್ಶನಕ್ಕೆ ಹೊರಡುವ ತರುಣನು, ಕಂಠಪಾಠ ಮಾಡಿದ ಸ್ವಪರಿಚಯವನ್ನು ಬದಿಗಿಟ್ಟು, ಇಂಥವರೊಡನೆ ದಿನಕ್ಕೆ ಅರ್ಧ ಗಂಟೆ, ತನ್ನ ಕಸಬನ್ನೇ ಕುರಿತು ಮಾತನಾಡಿ ನೋಡಲಿ. ಮೊದಲ ವಾರ ಬೆವರುವುದು ಯೋಗದಿಂದಲ್ಲ.