ರಟ್ಟನ್ನು ನಾವೇ ತಯಾರಿಸೋಣ

ಹೊಳಲ್ಕೆರೆ ಕಡೆಯ ಒಂದು ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ವಿದ್ಯಾರ್ಥಿನಿಯೊಬ್ಬಳು ಕಾಗದದ ಸೂರ್ಯಗಡಿಯಾರ ಇಟ್ಟಿದ್ದಳು. ಅದು ತೋರಿಸುತ್ತಿದ್ದ ವೇಳೆ ಸರಿಯಿರಲಿಲ್ಲ. "ನನ್ನ ಲೆಕ್ಕವೇ ತಪ್ಪು ಸಾರ್" ಎಂದಳು. ಪರಿಶೀಲಿಸಿದೆ, ಲೆಕ್ಕ ಸರಿಯಾಗಿಯೇ ಇತ್ತು. ಡ್ರಾಯಿಂಗ್ ಹಾಳೆಯಿಂದ ಮಾಡಿದ್ದ ಸೂಚಿ ಒಂದು ಪಕ್ಕಕ್ಕೆ ವಾಲಿತ್ತು. ದಪ್ಪ ರಟ್ಟು ಕೊಳ್ಳಲು ಅವಳ ಬಳಿ ಹಣವಿರಲಿಲ್ಲ.

ರಟ್ಟು ಕೊಳ್ಳಲೇಬೇಕೆಂದಿಲ್ಲ. ಹಳೆಯ ಲಗ್ನಪತ್ರಿಕೆ, ನೋಟ್‌ಪುಸ್ತಕದ ಹಿಂಬದಿ ರಟ್ಟು, ಕ್ಯಾಲೆಂಡರಿನ ಬೆನ್ನು, ಬಟ್ಟೆ ಅಂಗಡಿಯ ಷರ್ಟಿನ ಪೆಟ್ಟಿಗೆ ಎಲ್ಲ ಊರುಗಳಲ್ಲೂ ಸಿಗುತ್ತವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗದಂಥ ಊರುಗಳಲ್ಲಿ ಪುಸ್ತಕ ಬೈಂಡಿಂಗ್ ಮಾಡುವವರನ್ನು ಕೇಳಿ ನೋಡಿ; ಕತ್ತರಿಸಿ ಉಳಿದ ತುಂಡುಗಳು ಅವರಲ್ಲಿರುತ್ತವೆ.

ಇವು ತೆಳುವಲ್ಲವೇ ಎಂದು ನೀವು ಕೇಳಬಹುದು. ಇಲ್ಲಿ ಭೌತವಿಜ್ಞಾನದ ಒಂದು ನಿಯಮ ನೆರವಿಗೆ ಬರುತ್ತದೆ. ಒಂದೇ ವಸ್ತುವಿನ, ಒಂದೇ ಅಗಲದ ಪಟ್ಟಿ ಬಾಗುವಿಕೆಗೆ ಒಡ್ಡುವ ಪ್ರತಿರೋಧವು ಅದರ ದಪ್ಪದ ಘನಕ್ಕೆ ಅನುಪಾತದಲ್ಲಿರುತ್ತದೆ. ಎರಡು ಪಟ್ಟಿಗಳನ್ನು ಬರಿದೇ ಒಂದರ ಮೇಲೊಂದು ಇಟ್ಟರೆ, ಬಾಗುವಾಗ ಅವು ಪರಸ್ಪರ ಜಾರುತ್ತವೆ. ಪ್ರತಿರೋಧ 2 ಪಟ್ಟು ಮಾತ್ರ. ಅಂಟಿಸಿದರೆ ಜಾರಲಾರವು, ಒಂದೇ ಪಟ್ಟಿಯಂತೆ ವರ್ತಿಸಿ ಪ್ರತಿರೋಧ ಸುಮಾರು 8 ಪಟ್ಟಾಗುತ್ತದೆ. ನಾಲ್ಕು ಪದರ ಅಂಟಿಸಿದರೆ ಸುಮಾರು 64 ಪಟ್ಟು!

ಮಾಡಿ ನೋಡಿ. 20 ಸೆಂಮೀ ಉದ್ದ, 3 ಸೆಂಮೀ ಅಗಲದ ನಾಲ್ಕು ಪಟ್ಟಿಗಳನ್ನು ಒಂದೇ ರಟ್ಟಿನಿಂದ ಒಂದೇ ದಿಕ್ಕಿನಲ್ಲಿ ಕತ್ತರಿಸಿ. ಎರಡನ್ನು ಅಂಟಿಸಿ ಒಣಗಿಸಿ. ಇನ್ನೆರಡನ್ನು ಹಾಗೆಯೇ ಜೋಡಿಸಿ. ಪ್ರತಿ ಜೋಡಿಯನ್ನೂ 15 ಸೆಂಮೀ ಅಂತರದ ಎರಡು ಪುಸ್ತಕಗಳ ಮೇಲಿಟ್ಟು, ನಡುವೆ ನಾಣ್ಯಗಳನ್ನು ಪೇರಿಸಿ, ಎಷ್ಟು ಬಾಗಿತೆಂದು ಅಳೆಯಿರಿ. ಬಿಡಿ ಜೋಡಿ ಸುಮಾರು ನಾಲ್ಕು ಪಟ್ಟು ಹೆಚ್ಚು ಬಾಗುತ್ತದೆ.

ಒಂದು ಅಳತೆ ಮೈದಾಕ್ಕೆ ಐದು ಅಳತೆ ನೀರು ಬೆರೆಸಿ ಕಾಯಿಸಿದರೆ ಅಂಟು ಸಿದ್ಧ. ಪತ್ರಿಕೆಯ ಮೇಲ್ಮೈ ನುಣುಪಾಗಿದ್ದರೆ ಮರಳು ಕಾಗದದಿಂದ ಉಜ್ಜಿ. ಅಂಟನ್ನು ತೆಳುವಾಗಿ ಸವರಿ. ಕಾಗದದ ನಾರುಗಳು ನೀರು ಕುಡಿದಾಗ ಹಿಗ್ಗಿ, ಒಣಗಿದಾಗ ಕುಗ್ಗುತ್ತವೆ. ರಟ್ಟಿನ ಒಂದೇ ಮುಖಕ್ಕೆ ಕಾಗದ ಅಂಟಿಸಿದರೆ, ಅದು ಕುಗ್ಗುತ್ತಾ ರಟ್ಟನ್ನು ತನ್ನತ್ತ ಎಳೆದು ಡೊಂಕಾಗಿಸುತ್ತದೆ. ಆದುದರಿಂದ ಎರಡೂ ಮುಖಗಳಿಗೆ ಒಂದೇ ಬಗೆಯ ಕಾಗದ ಅಂಟಿಸಿ. ಅನಂತರ ಭಾರವಾದ ಪುಸ್ತಕಗಳ ಅಡಿಯಲ್ಲಿ ಪೂರ್ಣ ಒಣಗುವವರೆಗೆ ಒತ್ತಿಡಿ. ಅವಸರ ಬೇಡ.

ಈಗ ಸೂರ್ಯಗಡಿಯಾರಕ್ಕೆ ಬರೋಣ. ಸಮತಲ ಸೂರ್ಯಗಡಿಯಾರದಲ್ಲಿ ಸೂಚಿಯ ಓರೆ ಅಂಚಿನ ಕೋನ ಆ ಸ್ಥಳದ ಅಕ್ಷಾಂಶಕ್ಕೆ ಸಮ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ನಾಲ್ಕೂ ಸುಮಾರು 14° ಉತ್ತರ ಅಕ್ಷಾಂಶದಲ್ಲಿವೆ. ಪಾದ 16 ಸೆಂಮೀ, ಎತ್ತರ 4 ಸೆಂಮೀ ಇರುವ ಲಂಬಕೋನ ತ್ರಿಭುಜ ಈ ಕೋನವನ್ನು ಕೊಡುತ್ತದೆ. ನಾಲ್ಕು ಲಗ್ನಪತ್ರಿಕೆಗಳಿಂದ ಇದನ್ನು ಮಾಡಬಹುದು. ಇದರ ತುದಿ ಪಕ್ಕಕ್ಕೆ ಬರೇ 0.7 ಮಿಮೀ ಸರಿದರೂ ಸೂಚಿ 1° ವಾಲಿದಂತೆ. ಮಧ್ಯಾಹ್ನದ ಹೊತ್ತಿಗೆ ಅದು ಸುಮಾರು 4 ನಿಮಿಷದ ದೋಷ. ಗಟ್ಟಿ ರಟ್ಟು ಏಕೆ ಬೇಕೆಂದು ಇದರಿಂದ ತಿಳಿಯುತ್ತದೆ.

ಎರಡು ಸೂಚನೆಗಳು. ದಪ್ಪ ಸೂಚಿಗೆ ಎರಡು ಅಂಚುಗಳಿರುವುದರಿಂದ, ಪೂರ್ವಾಹ್ನ ಮತ್ತು ಅಪರಾಹ್ನದ ರೇಖೆಗಳ ನಡುವೆ ಅದರ ದಪ್ಪದಷ್ಟು ಅಂತರ ಬಿಡಿ. ನಮ್ಮ ರೇಖಾಂಶ 82.5° ಪೂರ್ವಕ್ಕಿಂತ ಸುಮಾರು 6° ಪಶ್ಚಿಮಕ್ಕಿರುವುದರಿಂದ, ಸೂರ್ಯಗಡಿಯಾರ ಕೈಗಡಿಯಾರಕ್ಕಿಂತ ಸರಾಸರಿ 24-25 ನಿಮಿಷ ಹಿಂದಿರುತ್ತದೆ. ಈ ಅಂತರ ವರ್ಷದುದ್ದಕ್ಕೂ ಏರಿಳಿಯುತ್ತದೆ. ಇದು ದೋಷವಲ್ಲ.

ಶಿಕ್ಷಕರಲ್ಲಿ ಒಂದು ವಿನಂತಿ. ಮಾದರಿ ತಪ್ಪು ತೋರಿಸಿದಾಗ ಮಕ್ಕಳ ಲೆಕ್ಕವನ್ನು ಅಳಿಸುವ ಮುನ್ನ ರಟ್ಟು ಬಾಗಿದೆಯೇ ಎಂದು ನೋಡಿ.