ಉಡುಪಿಯ ಸೌಕರ್ಯಗಳ ಹಿಂದಿನ ಕೈಗಳು

ಮಗುವಿಗೆ ಜ್ವರವೆಂದೋ ಹೆರಿಗೆಯ ತಪಾಸಣೆಗೆಂದೋ ಕಾಪುವಿನಿಂದ, ಕಾರ್ಕಳದಿಂದ ಬಸ್ಸು ಹತ್ತಿ ನೀವು ಉಡುಪಿಗೆ ಬಂದಿರಬಹುದು. ನಗರದ ನಡುವಿನ ಸರಕಾರಿ ತಾಯಿ-ಮಕ್ಕಳ ಆಸ್ಪತ್ರೆಯ ಸಾಲಿನಲ್ಲಿ ನಿಂತಿರಬಹುದು. ಆ ನೆಲವನ್ನು ಕೊಟ್ಟವರು ಯಾರೆಂದು ಎಂದಾದರೂ ಯೋಚಿಸಿದ್ದೀರಾ ಸಹೋದರಿ?

ಅವರು ಹಾಜಿ ಅಬ್ದುಲ್ಲಾ ಸಾಹೇಬರು. ಉಡುಪಿಯ ಶ್ರೀಮಂತ ವ್ಯಾಪಾರಿ. ಬಡವರಿಗೆ ಚಿಕಿತ್ಸೆ ದೊರೆಯಲೆಂದು ತಮ್ಮ ಜಮೀನನ್ನು ಸರಕಾರಕ್ಕೆ ದಾನವಾಗಿ ಕೊಟ್ಟರು. 1935ರಲ್ಲಿ ಅವರು ತೀರಿಕೊಂಡರು. ಆದರೆ ಅವರ ನೆಲದಲ್ಲಿ ಇಂದಿಗೂ ಎಲ್ಲ ಜಾತಿ-ಮತಗಳ ತಾಯಂದಿರು ಮಗುವನ್ನು ಎತ್ತಿಕೊಂಡು ಮನೆಗೆ ಮರಳುತ್ತಾರೆ.

ಅವರ ಹೆಸರು ಇನ್ನೊಂದು ಕಡೆಯೂ ಇದೆ. 1906ರ ಮಾರ್ಚ್ 12ರಂದು ಅವರು ಊರಿನ ಗಣ್ಯರೊಂದಿಗೆ ಸೇರಿ ಒಂದು ಬ್ಯಾಂಕು ಸ್ಥಾಪಿಸಿದರು. ಮೊದಲ ದಿನ ಕೂಡಿದ್ದು 38 ರೂಪಾಯಿ 13 ಆಣೆ 2 ಪೈ. ಅದೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಎನಿಸಿ, 2020ರಲ್ಲಿ ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಬಡ್ಡಿಯ ಕುರಿತ ನಮ್ಮ ಧಾರ್ಮಿಕ ನಿಲುವು ಬೇರೆ ಮಾತು. ಆದರೆ ಬೇರೆ ಬೇರೆ ಸಮುದಾಯದವರು ಊರಿನ ಹಿತಕ್ಕಾಗಿ ಒಂದೇ ಚಾಪೆಯ ಮೇಲೆ ಕೂತದ್ದನ್ನು ಮರೆಯಬಾರದು. ಸಾಹೇಬರು ಬಾಳಿದ ಮನೆ ಮುಂದೆ ನಾಣ್ಯ ಸಂಗ್ರಹಾಲಯವಾಯಿತು.

ಪಕ್ಕದ ಮಣಿಪಾಲದ ಕತೆಯೂ ಹೀಗೆಯೇ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಅಲ್ಲಿನ ಗುಡ್ಡದ ಮೇಲೆ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭಿಸಿದರು. ಅದಕ್ಕೂ ಮೊದಲು, 1928ರಲ್ಲಿ, ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ತಮ್ಮ ಬ್ಯಾಂಕಿನಲ್ಲಿ ತಂದಿದ್ದರು.

ದಾನ ಕೊಟ್ಟವರು ಹೋದ ಮೇಲೆ ಅದನ್ನು ಕಾಯುವುದು ಯಾರ ಹೊಣೆ? 2016ರಲ್ಲಿ ಸರಕಾರ ಈ ಆಸ್ಪತ್ರೆಯನ್ನು ಖಾಸಗಿಯವರಿಗೆ ವಹಿಸಲು ಮುಂದಾದಾಗ, ದಾನಿಯ ಆಶಯವನ್ನು ನೆನಪಿಸಿ ಊರವರು ಪ್ರತಿಭಟಿಸಿದರು. ಆದರೂ ಒಪ್ಪಂದವಾಯಿತು, 2017ರಲ್ಲಿ ಹೊಸ ಕಟ್ಟಡ ಎದ್ದಿತು. ಬಳಿಕ ಸರಕಾರವೇ ಅದನ್ನು ಮರಳಿ ವಹಿಸಿಕೊಳ್ಳಬೇಕಾಯಿತು. ಈಗ ಆಸ್ಪತ್ರೆಯ ಹೆಸರಿನಲ್ಲಿ ಕೂಸಮ್ಮ ಶಂಭು ಶೆಟ್ಟಿಯವರೂ ಹಾಜಿ ಅಬ್ದುಲ್ಲಾರವರೂ ಜೊತೆಯಾಗಿದ್ದಾರೆ.

ಮನುಷ್ಯ ತೀರಿದಾಗ ಅವನ ಕರ್ಮಗಳು ನಿಲ್ಲುತ್ತವೆ, ಮೂರರ ಹೊರತು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಆ ಮೂರರಲ್ಲಿ ಮೊದಲನೆಯದು ಸದಕಃ ಜಾರಿಯಾ, ನಿರಂತರ ಹರಿಯುವ ದಾನ. ಅದು ನಮ್ಮ ಕೈಗೆ ಬಂದಾಗ ಅಮಾನತ್ ಆಗುತ್ತದೆ. ವಾರ್ಡಿನ ಮೂಲೆಯಲ್ಲಿ ಉಗುಳುವುದು, ನಲ್ಲಿಯನ್ನು ತೆರೆದೇ ಬಿಡುವುದು, ದಾದಿಯ ಮೇಲೆ ರೇಗುವುದು ಇವೆಲ್ಲ ಅಮಾನತ್ತಿಗೆ ಮಾಡುವ ದ್ರೋಹ.

ಮುಂದಿನ ಬಾರಿ ಮಕ್ಕಳೊಂದಿಗೆ ಉಡುಪಿಗೆ ಬಂದಾಗ ಆ ಹೆಸರಿನ ಫಲಕವನ್ನು ಅವರಿಂದಲೇ ಓದಿಸಿ. ಮನೆಗೆ ಮರಳಿ ಅಜ್ಜಿಯನ್ನು ಕೇಳಲಿ: ನಮ್ಮ ಮೊಹಲ್ಲಾದ ಬಾವಿ ತೋಡಿಸಿದವರು ಯಾರು? ಮದ್ರಸಕ್ಕೆ ಜಾಗ ಕೊಟ್ಟವರು ಯಾರು? ಉತ್ತರವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಅವರಿಗಾಗಿ ಒಂದು ದುಆ ಮಾಡಿ.