ಒಂದೇ ಘಾಟಿಗೆ ಮೂರು ದಾರಿ

ಆಷಾಢದ ಮಳೆ ಹಿಡಿದರೆ ಆಲೂರು ತಾಲ್ಲೂಕಿನ ಕುಂದೂರು ಹೋಬಳಿಯಲ್ಲಿ ಬೆಳಕು ಹರಿಯುವುದೇ ತಡ. ತೋಟದ ಸಿಲ್ವರ್ ಮರಗಳ ತುದಿಗೆ ಮಂಜು ಕೂತಿರುತ್ತದೆ. ಶುಂಠಿ ಹೊಲದ ಏರಿಗಳ ನಡುವೆ ಕೆಂಪು ನೀರು ಹರಿಯುತ್ತದೆ. ರಾತ್ರಿ ಆನೆ ಓಡಾಡಿದ್ದರೆ ಬೇಲಿ ನೆಲ ಕಚ್ಚಿರುತ್ತದೆ. ಪ್ಲಾಸ್ಟಿಕ್ ಕೊಪ್ಪೆ ಹೊದ್ದ ಆಳುಗಳು ತೋಟದ ಪಿಕಪ್‌ಗೆ ಕಾಯುತ್ತ ನಿಂತಿರುವಾಗ ಕೆಂಪು ಬಸ್ಸು ಬರುತ್ತದೆ.

"ಸಕಲೇಶಪುರಕ್ಕೆ ಎಷ್ಟೊತ್ತಿಗೆ ಹೋಗ್ತದಪ್ಪಾ?"

"ಘಾಟೀಲಿ ಗುಡ್ಡ ಜರಿದದಂತೆ ಕಣಜ್ಜಿ. ಬಾಳ್ಳುಪೇಟೆ ಗಂಟ ಹೋಗಿ ನೋಡ್ಬೇಕು."

ಆ ಶಿರಾಡಿ ಘಾಟಿ ಇಲ್ಲಿಂದ ದೂರ. ಆದರೂ ಅಲ್ಲಿ ಒಂದು ಧರೆ ಕುಸಿದರೆ ಈ ಹೋಬಳಿಯ ಆಸ್ಪತ್ರೆ, ಕಾಲೇಜು, ಸಂತೆ ಎಲ್ಲದರ ಹೊತ್ತು ತಪ್ಪುತ್ತದೆ. ಬೆಂಗಳೂರು–ಮಂಗಳೂರು ರಾಷ್ಟ್ರೀಯ ಹೆದ್ದಾರಿ 75ಕ್ಕೆ ಬಂದರೆ ಕಾರಣ ಕಣ್ಣೆದುರೇ ಇರುತ್ತದೆ: ಬುಲೆಟ್ ಟ್ಯಾಂಕರ್, ಕಂಟೇನರ್ ಹೊತ್ತ ಟ್ರೈಲರ್, ರಾಜಹಂಸ ಬಸ್ಸು, ಧರ್ಮಸ್ಥಳಕ್ಕೆ ಹೊರಟ ಟೆಂಪೊ, ನಡುವೆ ಸಿಕ್ಕಿಕೊಂಡ ಆಂಬುಲೆನ್ಸ್. ಚಾಲಕರು ಟೈರಿಗೆ ಕಲ್ಲು ಕೊಟ್ಟು, ಲಾರಿಯ ಮರೆಯಲ್ಲಿ ಸ್ಟವ್ ಹಚ್ಚಿ ಅನ್ನಕ್ಕಿಡುತ್ತಾರೆ. ಮುಂದಿನ ದಾರಿ ಯಾವಾಗ ಬಿಡುತ್ತಾರೆಂದು ಪೊಲೀಸರಿಗೂ ಗೊತ್ತಿರುವುದಿಲ್ಲ. ಸಣ್ಣ ಗಾಡಿಗಳು ಚಾರ್ಮಾಡಿ ಘಾಟಿಯ ಕಡೆ ತಿರುಗಿದರೆ ಅಲ್ಲಿಯೂ ಇದೇ ಮಳೆ, ಇದೇ ಮಣ್ಣು.

ಈ ರಸ್ತೆಗೆ ಚಿಕಿತ್ಸೆ ಆಗಿಲ್ಲವೆಂದಲ್ಲ. 2015ರಲ್ಲಿ ಒಮ್ಮೆ, 2018ರಲ್ಲಿ ಮತ್ತೊಮ್ಮೆ ತಿಂಗಳುಗಟ್ಟಲೆ ಘಾಟಿ ಮುಚ್ಚಿ ಕಾಂಕ್ರೀಟ್ ಹಾಕಿದರು. 2018ರ ಆಗಸ್ಟ್‌ನಲ್ಲಿ ಹೊಸ ಕಾಂಕ್ರೀಟಿನ ಮೇಲೆಯೇ ಗುಡ್ಡ ಬಂದು ಕೂತಿತು. ಹಾಸನದಿಂದ ಮಾರನಹಳ್ಳಿವರೆಗೆ ಚತುಷ್ಪಥ ಮಾಡಲು ಹೊರಟ ಕೆಲಸ ವರ್ಷಗಟ್ಟಲೆ ಎಳೆಯಿತು. ದೊಡ್ಡತಪ್ಪಲಿನಲ್ಲಿ ಕಡಿದ ಗುಡ್ಡ 2024ರ ಜುಲೈನಲ್ಲಿ ಮತ್ತೆ ಮತ್ತೆ ರಸ್ತೆಗಿಳಿಯಿತು. ಎಷ್ಟು ಅಗಲ ಮಾಡಿದರೂ ಕೊನೆಗೆ ಎಲ್ಲ ಗಾಡಿಗಳೂ ಇಳಿಯಬೇಕಾದದ್ದು ಅದೇ ಕೆಂಪುಹೊಳೆಯ ಕಣಿವೆಗೆ.

ಆ ಕಣಿವೆಯ ಎದುರು ಮಗ್ಗುಲಲ್ಲಿ ರೈಲು ಹೋಗುತ್ತದೆ. ಸಕಲೇಶಪುರ ಬಿಟ್ಟರೆ ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು, ಆಮೇಲೆ ಸುಬ್ರಹ್ಮಣ್ಯ ರೋಡ್. ಸುಮಾರು 55 ಕಿಲೋಮೀಟರಿನೊಳಗೆ 57 ಸುರಂಗ. ಐವತ್ತು ಅಡಿ ಸಾಗಿದರೆ ಒಂದಡಿ ಏರುವ ಹಳಿ. ಮಂಗಳೂರಿನಿಂದ ಹೊರಟ ಗೂಡ್ಸ್ ಗಾಡಿ ಘಾಟಿ ಹತ್ತುವಾಗ ಹಿಂದಿನಿಂದಲೂ ಎಂಜಿನ್‌ಗಳು ತಳ್ಳಬೇಕು. ಆ ಏದುಸಿರು ಕಾಡಿನಾಚೆಗೂ ಕೇಳಿಸುತ್ತದೆ. 1979ರಲ್ಲಿ ಮೀಟರ್ ಗೇಜ್ ಆಗಿ ತೆರೆದ ಈ ದಾರಿಯನ್ನು ಬ್ರಾಡ್‌ಗೇಜ್ ಮಾಡಲು 1996ರಲ್ಲಿ ಮುಚ್ಚಿದರು. ಗೂಡ್ಸ್ ಮತ್ತೆ ಓಡಿದ್ದು 2006ರಲ್ಲಿ, ಪ್ರಯಾಣಿಕರು ಹತ್ತಿದ್ದು 2007ರ ಕೊನೆಗೆ. ಅಷ್ಟು ವರ್ಷ ಊರಿಗೆ ಊರೇ ರಸ್ತೆಯೊಂದನ್ನೇ ನಂಬಿತು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ರೈಲಿಗೂ ಗುಡ್ಡ ಕನಿಕರ ತೋರುವುದಿಲ್ಲ. 2024ರ ಜುಲೈ 26ರಂದು ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತು. ರಸ್ತೆಯೂ ಇಲ್ಲ, ರೈಲೂ ಇಲ್ಲ ಎನ್ನುವ ಆ ದಿನಗಳನ್ನು ಇಲ್ಲಿಯವರು ಮರೆಯಲಾರರು.

ಮೂರನೆಯ ದಾರಿ ಕಣ್ಣಿಗೆ ಬೀಳುವುದಿಲ್ಲ. ಮಂಗಳೂರಿನಿಂದ ಹಾಸನ ಹಾಯ್ದು ಬೆಂಗಳೂರಿನ ದೇವನಗೊಂದಿಗೆ 362 ಕಿಲೋಮೀಟರಿನ ಪೆಟ್ರೋಲಿಯಂ ಕೊಳವೆ 2003ರಿಂದ ಕೆಲಸ ಮಾಡುತ್ತಿದೆ. ಆಮೇಲೆ ಅಡುಗೆ ಅನಿಲಕ್ಕೂ ಹಾಸನ, ಮೈಸೂರಿನತ್ತ ಕೊಳವೆ ಬಂತು. 2013ರಲ್ಲಿ ಇದೇ ಹೆದ್ದಾರಿಯ ಪೆರ್ನೆಯಲ್ಲಿ ಅನಿಲ ಟ್ಯಾಂಕರ್ ಉರುಳಿ ಜನ ಬೆಂದುಹೋದದ್ದನ್ನು ನೆನೆದರೆ, ಕೊಳವೆಗೆ ಇಳಿದ ಒಂದೊಂದು ಟ್ಯಾಂಕರಿನ ಬೆಲೆ ತಿಳಿಯುತ್ತದೆ. ಘಾಟಿಯ ಹೊರೆ ಇಳಿಸಲು ರಸ್ತೆ ಅಗಲಿಸುವುದೊಂದೇ ಉಪಾಯವಲ್ಲ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಡ.

ಹೀಗೆ ಮೂರು ದಾರಿ ಇರುವಾಗ ಮೂರಕ್ಕೂ ಸೇರಿ ಒಂದು ಲೆಕ್ಕ ಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಮಂಗಳೂರು ಬಂದರಿನಿಂದ ಬರುವ ಕಲ್ಲಿದ್ದಲು, ಗೊಬ್ಬರ, ಕಂಟೇನರ್ ರೈಲಿಗೆ ಹೋಗಲಿ. ಕೊಂಕಣ ರೈಲ್ವೆ 1999ರಿಂದ ಲಾರಿಗಳನ್ನೇ ವ್ಯಾಗನ್ ಮೇಲೆ ಹತ್ತಿಸಿ ಸಾಗಿಸುತ್ತಿದೆ, ನಮ್ಮದೇ ಸುರತ್ಕಲ್‌ನಲ್ಲಿ ಅವು ಇಳಿಯುತ್ತವೆ. ನಮ್ಮ ಘಾಟಿಯ ಸುರಂಗಗಳ ಎತ್ತರ, ಇಲ್ಲಿನ ಏರು ಅದಕ್ಕೆ ಒಪ್ಪುತ್ತದೆಯೇ ಎಂದು ಅಳೆದು ನೋಡಲಿ. ಘಾಟಿಯ ಮೇಲೆ, ಕೆಳಗೆ ಲಾರಿ ತಂಗಲು ಜಾಗ, ನೀರು, ಶೌಚಾಲಯ ಇರಲಿ. ಕುಂದೂರು, ಮಗ್ಗೆ ಕಡೆಯ ಬಸ್ಸು ಆಲೂರು ನಿಲ್ದಾಣಕ್ಕೆ ರೈಲಿನ ಹೊತ್ತಿಗೆ ಸೇರಲಿ. ಶಾಲೆಯ ಮಕ್ಕಳಿಗೂ ಹಾಸನದ ಆಸ್ಪತ್ರೆಗೆ ಹೋಗುವವರಿಗೂ ಬೇಕಾದದ್ದು ಇಷ್ಟೇ. ಆನೆ ದಾಟುವ ಜಾಗಗಳು ನಕ್ಷೆಯಲ್ಲಿ ಮೊದಲೇ ಮೂಡಲಿ, ಸಾವಾದ ಮೇಲಲ್ಲ.

ಹೆದ್ದಾರಿ, ರೈಲ್ವೆ, ಬಂದರು, ಸಾರಿಗೆ, ಅರಣ್ಯ ಇಲಾಖೆಗಳವರು ಒಂದೇ ಮೇಜಿಗೆ ಕೂತು ಮುಂದಿನ ಮೂವತ್ತು ವರ್ಷಕ್ಕೆ ಯೋಜನೆ ಬರೆಯಬೇಕು. ಅದರ ಮೇಲಿನ ಜನಾಭಿಪ್ರಾಯ ಸಭೆಯನ್ನು ಆಲೂರಿನಲ್ಲಿಯೂ ಸಕಲೇಶಪುರದಲ್ಲಿಯೂ ನಡೆಸಿ. ಬೇಸಿಗೆಯಲ್ಲಲ್ಲ, ಜುಲೈ ತಿಂಗಳಲ್ಲಿ.